ಅವ್ವನವರು ಫೌಜದಾರರ ಅಂಜಿಕೆ ಕೇಳಿದ್ದು

ಎರೆನಾಡಿನ ಕರಿಬಾವಿಯಲ್ಲಿ ಪೂಜ್ಯ ಗುರುಸಂಗವ್ವನವರು ನೆಲೆಸಿದ್ದ ಕಾಲದ ಮಾತಿದು. ಅಲ್ಲಿಯ ಮಠ ದೊಡ್ಡದಲ್ಲ. ಗದ್ದುಗೆಯ ಮುಂದೆ ಒಂದು ಪಡಸಾಲೆ, ಅದರ ಬಲಕ್ಕೆ, ಹಿಂದೊಮ್ಮೆ ಮಠದ ಎತ್ತುಗಳನ್ನು ಕಟ್ಟುತ್ತಿದ್ದ ಉದ್ದನೆಯ ಕೊಟ್ಟಿಗೆ. ಆ ಕೊಟ್ಟಿಗೆಗೆ ಸುಣ್ಣ ಬಳಿಸಿ, ನೆಲಕ್ಕೆ ಫರಸಿ ಕಲ್ಲು ಹಾಸಿಸಿ, ಅವ್ವನವರು ಅದನ್ನು ರೋಗಿಗಳ ಮನೆಯನ್ನಾಗಿ ಮಾಡಿದ್ದರು. ಪೂರ್ವಾಶ್ರಮದಲ್ಲಿ ಅವರು ಸೊಲ್ಲಾಪುರದ ಕಡೆ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದವರು. ದೀಕ್ಷೆ ಪಡೆದು ಕಾವಿ ಉಟ್ಟ ಮೇಲೂ ಆ ಕೆಲಸವನ್ನು ಬಿಡಲಿಲ್ಲ. ಬೆಳಗಿನ ಲಿಂಗಪೂಜೆ ಮುಗಿದೊಡನೆ ಅಂಗಳದ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಹುಣ್ಣಿಗೆ ಕಟ್ಟುವ ಬಟ್ಟೆಗಳನ್ನು ಹಂಡೆಯಲ್ಲಿ ಕುದಿಸುವರು. ದರ್ಶನಕ್ಕೆಂದು ಬಂದವರಿಗೆ ಎಷ್ಟೋ ಸಲ ಆ ಹೊಗೆಯ ನಡುವೆಯೇ ದರ್ಶನವಾಗುತ್ತಿತ್ತು.

ಬೇರೆ ಊರುಗಳಲ್ಲಿ ಕಟ್ಟಿಹಾಕಬೇಕಾಗಿ ಬಂದ ರೋಗಿಗಳು, ಬೈಯುವವರು, ಉಗುಳುವವರು, ಊಟದ ತಾಟು ಒಗೆಯುವವರು ಕರಿಬಾವಿಗೆ ಬಂದ ಮೇಲೆ ತಣ್ಣಗಾಗುತ್ತಿದ್ದರು. ಭಕ್ತರು ಇದನ್ನು ಅವ್ವನವರ ತಪಸ್ಸಿನ ಬಲವೆಂದು ನಂಬಿದ್ದರು. ನಂಬದವರೂ ಇದ್ದರು. "ಮಜ್ಜಿಗಿಯೊಳಗ ಏನರ ಕಲಸತಾರ, ಇಲ್ಲಾಂದ್ರ ಇದು ಆಗೂ ಮಾತಲ್ಲ" ಎಂದು ಸಂತೆಯಲ್ಲಿ ಆಡಿಕೊಳ್ಳುವವರಿದ್ದರು.

ಹಾಗೆ ಸಂಶಯಪಟ್ಟವರಲ್ಲಿ ಮಠದ ಒಳಗೇ ಇದ್ದವರೊಬ್ಬರು ವಿಮಲಾಕ್ಷಿಯವರು. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ವಿದ್ಯೆ ಕಲಿತು, ಊರ ಹಿರಿಯರ ಕೋರಿಕೆಯ ಮೇಲೆ ಅವ್ವನವರ ಸಹಾಯಕ್ಕೆ ಬಂದಿದ್ದರು. ಆಗಿನ್ನೂ ಎಳೆಯ ವಯಸ್ಸು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಖಾರ. ಕಾವಿ ಉಟ್ಟವರ ಶಾಂತಿಯೆಲ್ಲ ಜನ ನೋಡುವಷ್ಟು ಹೊತ್ತಿನದು ಎಂಬುದು ಅವರ ಎಣಿಕೆ. ಒಂದು ದಿನ ಯಾರೂ ಇಲ್ಲದ ಹೊತ್ತು ನೋಡಿ ರೋಗಿಗಳ ಮಜ್ಜಿಗೆಯ ಗಡಿಗೆಯಲ್ಲಿ ಮೂಗಿಟ್ಟು ಮೂಸಿದರು, ಬೆರಳದ್ದಿ ನಾಲಿಗೆಗೂ ಹಚ್ಚಿಕೊಂಡರು. ಜೀರಿಗೆ, ಕರಿಬೇವು, ಉಪ್ಪು. ಬೇರೇನೂ ಸಿಗಲಿಲ್ಲ. ಸಿಗದಿದ್ದುದರಿಂದ ಸಂಶಯ ಹೋಗಲಿಲ್ಲ, ಇನ್ನಷ್ಟು ಬೆಳೆಯಿತು. ಈ ಪ್ರಸಂಗವನ್ನು ನಾವು ಕೇಳಿದ್ದು ಅವರ ಬಾಯಿಂದಲೇ.

ಒಂದು ಬೇಸಿಗೆಯಲ್ಲಿ ನಿವೃತ್ತ ಫೌಜದಾರರಾದ ನಿಂಗನಗೌಡರನ್ನು ಸವಾರಿ ಬಂಡಿಯಲ್ಲಿ ಕರಿಬಾವಿಗೆ ಕರೆತಂದರು. ಜೊತೆಗೆ ಅವರ ಧರ್ಮಪತ್ನಿ ಕಾಶೀಬಾಯಿಯವರು. ಗೌಡರಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಪಾದ ಹುಣ್ಣಾಗಿ ಬೆರಳುಗಳು ಕಪ್ಪಿಟ್ಟಿದ್ದವು. ಪೊಲೀಸ್ ಖಾತೆಯಲ್ಲಿ ಆಯುಷ್ಯ ಕಳೆದವರು. ಎಂಥ ಕಳ್ಳನ ಬಾಯಿಂದಲೂ ನಿಜ ಹೊರಡಿಸಬಲ್ಲವರೆಂದು ಹೆಸರಾದವರು. ಬಂಡಿ ನಿಂತರೂ ಅವರು ಇಳಿಯಲಿಲ್ಲ. ಕೊಟ್ಟಿಗೆಯನ್ನೂ ಅಂಗಳವನ್ನೂ ಒಮ್ಮೆ ಕಣ್ಣಾಡಿಸಿ ನೋಡಿ, "ಹಿಂದಿನ ಬಾಗಲಾ ಎಲ್ಲಿಗೆ ಹೋಗತೈತಿ?" ಎಂದು ಕೇಳಿದರು. ಅದೇ ಅವರ ಮೊದಲ ಮಾತು.

"ಬಾವಿಗೆ ಹೋಗತೈತ್ರಿ" ಎಂದರು ಅವ್ವನವರು.

ಬೆನ್ನ ಹಿಂದೆ ಗೋಡೆ ಇರುವ ಮೂಲೆಯ ಮಂಚವೇ ಬೇಕೆಂದರು ಗೌಡರು. ಅದನ್ನೇ ಕೊಟ್ಟರು. ಅಲ್ಲಿಂದ ಅವರ ವಿಚಾರಣೆ ಮೊದಲಾಯಿತು. ಊಟ ಬಂದರೆ ಮೊದಲ ತುತ್ತು ಕಾಶೀಬಾಯಿಯವರು ತಿನ್ನಬೇಕು. ನೀರು ಬಂದರೆ ಮೂಸಿ ನೋಡಬೇಕು. ಯಾರಾದರೂ ಮೆಲ್ಲಗೆ ಮಾತಾಡಿದರೆ, "ಏನದು ಗುಸುಗುಸು? ನನ್ನ ಮುಂದ ಬಂದು ಮಾತಾಡ್ರಿ!" ಎಂದು ಕೋಲಿನಿಂದ ನೆಲ ಬಡಿಯುವರು. ಹುಣ್ಣು ತೊಳೆಯಲು ಅವ್ವನವರು ಕಷಾಯ ತಂದಾಗಲೂ ಬಿಡಲಿಲ್ಲ.

"ಏನಿದು?"

"ಬೇವಿನ ಕಷಾಯ್ರಿ."

"ಯಾರು ಕುದಿಸಿದ್ರು?"

"ನಾನ ರೀ."

"ನೀವು ಕುದಿಸಿದ್ದು ನೋಡಿದವರು ಯಾರು?"

ಬಾಗಿಲ ಬಳಿ ನಿಂತಿದ್ದ ವಿಮಲಾಕ್ಷಿಯವರಿಗೆ ಮೈ ಉರಿದುಹೋಯಿತು. ಅವ್ವನವರು ಮಾತ್ರ ಸ್ವಲ್ಪ ಯೋಚಿಸಿ, "ಯಾರೂ ನೋಡಿಲ್ರಿ. ನಾಳಿಂದ ನೀವ ನೋಡ್ರಿ" ಎಂದರು. ಮರುದಿನ ಒಲೆಯನ್ನೂ ಹಂಡೆಯನ್ನೂ ಅಂಗಳದ ಇನ್ನೊಂದು ಬದಿಗೆ, ಗೌಡರ ಮಂಚದಿಂದ ನೇರ ಕಾಣುವಲ್ಲಿಗೆ ಸರಿಸಿದರು. ಹೊಗೆ ಮುಖಕ್ಕೇ ಬರುವ ಕಡೆ ಅದು. ಅವ್ವನವರು ಕಣ್ಣೊರೆಸಿಕೊಳ್ಳುತ್ತ ಅಲ್ಲಿಯೇ ಕುಳಿತು ಕುದಿಸಿದರು. ಗೌಡರು ಕಣ್ಣು ಮಿಟುಕಿಸದೆ ನೋಡಿದರು.

ಇದನ್ನು ಕಂಡ ವಿಮಲಾಕ್ಷಿಯವರ ಮನಸ್ಸಿನಲ್ಲಿ ಹೊಸ ಅನುಮಾನ ಹುಟ್ಟಿತು. ಗೌಡರ ನೆಂಟರು ತಾಲೂಕಿನಲ್ಲಿ ದೊಡ್ಡ ಕುಳ. ಇದೇ ಮಾತನ್ನು ಒಬ್ಬ ಕೂಲಿಯವನು ಆಡಿದ್ದರೆ ಒಲೆ ಹೀಗೆ ಜರುಗುತ್ತಿತ್ತೇ? ಅವ್ವನವರದು ಸಹನೆಯೋ, ದೊಡ್ಡವರೆಂಬ ಭಯವೋ? ಕೇಳಲಿಲ್ಲ. ಮನಸ್ಸಿನಲ್ಲೇ ಇಟ್ಟುಕೊಂಡು, ಕಾದು ನೋಡತೊಡಗಿದರು.

ಆ ವಾರದಲ್ಲೇ ಒಂದು ಮುಂಜಾನೆ ಗಾಳಿ ಎದ್ದಿತು. ಎರೆನಾಡಿನ ಬೇಸಿಗೆಯ ಗಾಳಿ ಬಲ್ಲವರಿಗೆ ಗೊತ್ತು. ಎದುರಿಗಿದ್ದವರ ಮುಖ ಕಾಣದಷ್ಟು ಧೂಳು. ಅವ್ವನವರು ಪಡಸಾಲೆಯಲ್ಲಿ ಬಾಣಂತಿಯೊಬ್ಬಳನ್ನು ನೋಡುತ್ತಿದ್ದರು. ವಿಮಲಾಕ್ಷಿಯವರು ಗೌಡರಿಗೆ ಸಕ್ಕರೆ ಕಾಯಿಲೆಯ ಸೂಜಿಮದ್ದು ಚುಚ್ಚಲು ಒಳಗೆ ಬಂದರು. ಕುದಿಸಿ ತಂದ ಸೂಜಿಗೆ ಧೂಳು ಕೂಡಬಾರದೆಂದು ಕಾಲಿನಿಂದಲೇ ಬಾಗಿಲು ನೂಕಿ ಮುಚ್ಚಿದರು. ಕಾಶೀಬಾಯಿಯವರು ನೀರಿಗೆ ಹೋಗಿದ್ದರು. ಬಾಗಿಲು ಮುಚ್ಚಿದ್ದೇ ತಡ ಗೌಡರು ಎದ್ದು ಕುಳಿತರು.

"ಬಾಗಲಾ ಯಾಕ ಹಾಕಿದಿ?"

ವಿಮಲಾಕ್ಷಿಯವರು ಸಮಾಧಾನ ಹೇಳಬೇಕೆಂದೇ, "ಸುಮ್ನ ಮಲಗ್ರಿ ಗೌಡರ, ಗದ್ದಲಾ ಮಾಡಬ್ಯಾಡ್ರಿ, ಏನೂ ಆಗಂಗಿಲ್ಲ" ಎಂದು ಹತ್ತಿರ ಬಂದರು.

ತಲೆದಿಂಬಿನ ಬಳಿ ಇದ್ದ ಹಿತ್ತಾಳೆಯ ತಂಬಿಗೆ ಹಾರಿಬಂದು ಅವರ ಹಣೆಗೆ ಬಡಿಯಿತು. ರಕ್ತ ಕಣ್ಣಿಗಿಳಿಯಿತು. ಸೂಜಿಯ ಗಾಜಿನ ಕೊಳವೆ ಕೆಳಗೆ ಬಿದ್ದು ಚೂರಾಯಿತು. ಗೌಡರು ಕೊಳೆತ ಕಾಲಿನ ಮೇಲೆಯೇ ಎದ್ದು ನಿಂತು, ಕೋಲು ಬೀಸುತ್ತ, "ವಿಷಾ ತಂದಾಳ! ನನ್ನ ಕೊಲ್ಲಾಕ ಬಂದಾಳ!" ಎಂದು ಕೂಗಿದರು. ಉಳಿದ ರೋಗಿಗಳು ನಡುಗಿದರು. ವಿಮಲಾಕ್ಷಿಯವರು ಹೇಗೋ ಬಾಗಿಲು ತೆಗೆದು ಹೊರಗೆ ಬಿದ್ದರು. ಮಠದ ಆಳುಗಳಿಬ್ಬರು ಎತ್ತಿನ ಹಗ್ಗ ಹಿಡಿದು ಓಡಿಬಂದರು. "ಕಟ್ಟಿ ಹಾಕತೀವ್ರಿ ಅವ್ವಾರ, ಇದು ಅತೀ ಆತು!"

ಅವ್ವನವರು ಬಂದವರೇ ಮೊದಲು ನೋಡಿದ್ದು ವಿಮಲಾಕ್ಷಿಯವರನ್ನು. ಒಳಗೆ ಕೂಗಾಟ ನಡೆದೇ ಇತ್ತು. ಅದು ತಮಗೆ ಕೇಳಿಸುತ್ತಲೇ ಇಲ್ಲವೆಂಬಂತೆ ಅವರನ್ನು ಕಟ್ಟೆಯ ಮೇಲೆ ಕೂರಿಸಿ, ರಕ್ತ ತೊಳೆದು, ಗಾಯ ಎಷ್ಟು ಆಳವೆಂದು ನೋಡಿದರು. "ತಲಿ ತಿರಗತೈತೇನವ್ವ? ಕಣ್ಣ ಮುಂದ ಕತ್ತಲಿ ಬರತೈತಿ?" ಎಂದು ಕೇಳಿ, ಇಲ್ಲವೆಂದ ಮೇಲೆ ಪಟ್ಟಿ ಕಟ್ಟಿದರು. ಉಳಿದ ರೋಗಿಗಳನ್ನು ಹಿಂಬಾಗಿಲಿನಿಂದ ಪಡಸಾಲೆಗೆ ಕರೆತರುವಂತೆ ಹೇಳಿದರು. ಆಮೇಲೆ ಆಳುಗಳ ಕಡೆ ತಿರುಗಿದರು.

"ಹಗ್ಗಾ ಕೆಳಗ ಇಡ್ರಿ. ನಾ ಕರದ್ರ ಕೇಳೂವಷ್ಟು ದೂರದಾಗ ಇರ್ರಿ. ಬಾಗಲದಾಗ ಮಾತ್ರ ನಿಂದರಬ್ಯಾಡ್ರಿ, ಅವರಿಗೆ ಹೊರಗ ಕಾಣಲಿ."

ಹೀಗೆಂದು ಹೊಸ್ತಿಲ ಬಳಿ ಒಂದು ಕ್ಷಣ ಕಣ್ಣು ಮುಚ್ಚಿ ನಿಂತರು. ಬಾಗಿಲ ಎರಡೂ ಕದಗಳನ್ನು ಗೋಡೆಗೆ ತಾಗುವಷ್ಟು ತೆರೆದು ಒಳಗೆ ಹೋದರು. ವಿಮಲಾಕ್ಷಿಯವರು ಹಣೆ ಹಿಡಿದುಕೊಂಡು ಕಿಟಕಿಯ ಸರಳಿನ ಬಳಿ ಬಂದು ನಿಂತರು. ಅವರು ನಿಂತದ್ದು ಭಕ್ತಿಯಿಂದಲ್ಲ. ಅವ್ವನವರ ಗುಟ್ಟು ಏನಿದ್ದರೂ ಇವತ್ತು ಹೊರಬೀಳಲೇಬೇಕು. ಏನು ಕುಡಿಸುತ್ತಾರೆ, ಯಾವ ಮಂತ್ರ ಊದುತ್ತಾರೆ ನೋಡಿಯೇಬಿಡೋಣ ಎಂದು ನಿಂತದ್ದು.

ಅವ್ವನವರು ಏನನ್ನೂ ಕುಡಿಸಲಿಲ್ಲ, ಏನನ್ನೂ ಊದಲಿಲ್ಲ. ಕೋಲು ನಿಲುಕದಷ್ಟು ದೂರದಲ್ಲಿ, ಬಾಗಿಲಿಗೆ ಅಡ್ಡವಾಗದಂತೆ ಒಂದು ಪಕ್ಕಕ್ಕೆ ಸರಿದು, ನೆಲದ ಮೇಲೆ ಕುಳಿತರು. ಎರಡೂ ಕೈಗಳನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು.

"ನೀವೂ ಕೂಡೇ ಬಂದೀರಿ! ಎಲ್ಲಾರೂ ಒಂದ ಗುಂಪು! ನಿಮ್ಮ ಕಾವೀ ಬಟ್ಟಿ ಸೋಗು, ನನಗ ಗೊತ್ತಿಲ್ಲೇನು?" ಎಂದು ಗೌಡರು ಗರ್ಜಿಸಿದರು. ಇನ್ನೂ ಎಂತೆಂಥ ಮಾತುಗಳನ್ನೋ ಆಡಿದರು. ಅವನ್ನು ಇಲ್ಲಿ ಬರೆಯುವುದು ಬೇಡ. ಅವ್ವನವರು ತಡೆಯಲಿಲ್ಲ, ವಾದಿಸಲಿಲ್ಲ, ಸುಮ್ಮನಿರಿ ಎನ್ನಲೂ ಇಲ್ಲ. ಉಸಿರು ಸಾಲದೆ ಗೌಡರು ನಿಂತಾಗ, ಹೊರಗಿನ ಗಾಳಿಯ ಸದ್ದಿನಲ್ಲೂ ಸ್ಪಷ್ಟವಾಗಿ ಕೇಳುವಂತೆ, ಆದರೆ ದನಿ ಏರಿಸದೆ ಹೇಳಿದರು:

"ಗೌಡರ, ನಿಮಗ ಅಂಜಿಕಿ ಆಗೇತಿ. ಯಾವುದರ ಅಂಜಿಕಿ, ಹೇಳ್ರಿ. ನಾ ಕೇಳತೀನಿ."

ಹೆಸರಾಂತ ಫೌಜದಾರರಿಗೆ ಅಂಜಿಕೆಯೆಂದು ಯಾರೂ ಎಂದೂ ಅಂದಿರಲಿಲ್ಲ. ಅವರ ಕೋಲು ಮೇಲೆಯೇ ನಿಂತಿತು. ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ವಿಮಲಾಕ್ಷಿಯವರು ಸರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅವ್ವನವರು ಕುಳಿತೇ ಇದ್ದರು. ಧೂಳು ಒಳಗೆ ಬರುತ್ತಿತ್ತು. ಬಹಳ ಹೊತ್ತಾದ ಮೇಲೆ ಗೌಡರು ಕೋಲು ಇಳಿಸಿದರು. ಮಂಚದ ಅಂಚಿಗೆ ಕುಸಿದು ಕುಳಿತರು.

"ಆಕೀನೂ ಹಿಂಗ ಬಾಗಲಾ ಹಾಕಿದಳು" ಎಂದರು.

"ಯಾರ್ರಿ?"

"ಆ ದವಾಖಾನಿ ಬಾಯಿ." ಗೌಡರ ಕಣ್ಣು ಅವ್ವನವರ ಮೇಲೆ ಇರಲಿಲ್ಲ. "ನನ್ನ ಮಗಳು ಇಂದುಮತಿ. ಜ್ವರ ಬಂದಿತ್ತು. ದೊಡ್ಡ ದವಾಖಾನಿಗೆ ಒಯ್ದಿದ್ದೆ. 'ಮಲಗ್ಯಾಳ್ರಿ, ಗದ್ದಲಾ ಮಾಡಬ್ಯಾಡ್ರಿ, ಏನೂ ಆಗಂಗಿಲ್ಲ' ಅಂತ ಹೇಳಿ ಬಾಗಲಾ ಹಾಕಿದಳು. ನಾ ಹೊರಗ ಕುಂತೆ. ಮೋಸಂಬಿ ಸುಲದು ಇಟ್ಕೊಂಡು ಕುಂತೆ, ಎದ್ದ ಕೂಡಲೇ ಕೊಡೂಣು ಅಂತ. ಸಂಜೀತನಾ ಕುಂತೆ. ಮಗಳು ಮುಂಜಾನೇನ ಹೋಗಿಬಿಟ್ಟಿದ್ದಳು ಅವ್ವಾರ. ಎಲ್ಲಾರಿಗೂ ಗೊತ್ತಿತ್ತು. ಜವಾನಗೂ ಗೊತ್ತಿತ್ತು. ನನಗೊಬ್ಬಗ ಹೇಳಲಿಲ್ಲ. ನಾ ಫೌಜದಾರ! ಎಂಥೆಂಥಾ ಸುಳ್ಳಾ ಹಿಡದಾಂವ ನಾ!"

ಕಿಟಕಿಯಾಚೆ ವಿಮಲಾಕ್ಷಿಯವರು ಸರಳಿನಿಂದ ಕೈ ತೆಗೆದರು. ತಾವು ಆಡಿದ್ದೂ ಅದೇ ಮಾತುಗಳು. ಅವರಿಗೆ ಗೊತ್ತಿರಲಿಲ್ಲ, ಆದರೆ ಅದೇ ಮಾತುಗಳು.

ಅವ್ವನವರು ದೈವದ ಇಚ್ಛೆಯೆನ್ನಲಿಲ್ಲ. ಹೋದವರು ಶಿವನ ಪಾದ ಸೇರಿದರೆಂದು ಸಮಾಧಾನ ಹೇಳಲಿಲ್ಲ. "ಅವರು ನಿಮಗ ಸುಳ್ಳಾ ಹೇಳಿದ್ರು. ಹೇಳಬಾರದಿತ್ತು" ಎಂದಷ್ಟೇ ಹೇಳಿದರು. ಆಮೇಲೆ ಗೌಡರ ಪಾದದ ಕಡೆ ಕೈ ತೋರಿದರು. "ಈಗ ನಾ ಖರೇ ಹೇಳತೀನಿ, ಕೇಳ್ರಿ. ಆರಾಮ ಆಕ್ಕೈತಿ ಅಂತ ಮನೀ ಮಂದಿ ನಿಮಗ ಹೇಳ್ಯಾರ. ಎರಡು ಬೆರಳು ಸತ್ತಾವ. ಅವು ಉಳಿಯಂಗಿಲ್ಲ. ಡಾಕ್ಟರ್ ಬಂದು ತಗೀಬೇಕು. ತಗದ್ರ ಪಾದ ಉಳದೀತು. ಉಳದ ಉಳೀತೈತಿ ಅಂತ ನಾ ವಚನಾ ಕೊಡಾಕ ಬರಂಗಿಲ್ಲ."

ನೀರಿನ ಕೊಡ ಹೊತ್ತು ಬಂದು ಬಾಗಿಲಲ್ಲಿ ನಿಂತಿದ್ದ ಕಾಶೀಬಾಯಿಯವರು ಬಾಯಿಗೆ ಸೆರಗು ಹಿಡಿದರು. ಇಷ್ಟು ದಿನ ಯಾರೂ ಬಾಯಿಬಿಟ್ಟಿರದ ಮಾತು ಅದು. ಗೌಡರು ಎಗರಿ ಬೀಳುವರೆಂದು ಎಲ್ಲರೂ ಭಾವಿಸಿದರು. ಗೌಡರು ತಮ್ಮ ಪಾದವನ್ನು ನೋಡಿದರು. ಅವ್ವನವರ ಮುಖ ನೋಡಿದರು, ಕಟಕಟೆಯಲ್ಲಿ ನಿಂತವರನ್ನು ನೋಡುವಂತೆ, ತುಂಬ ಹೊತ್ತು. "ಇದು ಖರೇ ಐತಿ" ಎಂದು ತಮಗೆ ತಾವೇ ಹೇಳಿಕೊಂಡು, ಕೋಲನ್ನು ಮಂಚದ ಕೆಳಗೆ ಇಟ್ಟರು.

ಅವ್ವನವರು ಎದ್ದರು. "ಇನ್ನೊಂದು ಮಾತು ಐತ್ರಿ. ಆ ಹುಡಿಗಿ ನಿಮ್ಮ ಮಗಳನ್ನ ಕೊಂದಿಲ್ಲ. ಆಕೀ ಹಣಿ ಒಡದೀರಿ. ನಿಮ್ಮ ದುಃಖ ದೊಡ್ಡದು, ಆದ್ರ ಅದರ ಸಲುವಾಗಿ ಇಲ್ಲಿ ಯಾರ ಮ್ಯಾಲೂ ಕೈ ಎತ್ತೂಹಂಗಿಲ್ಲ. ಸೂಜಿ ಮಾಡೂ ಮುಂದ ನಾವು ಹೇಳಿ ಮಾಡತೀವಿ, ತೋರಿಸಿ ಮಾಡತೀವಿ, ಬಾಗಲಾ ಹಾಕಂಗಿಲ್ಲ. ಬ್ಯಾಡಾದ್ರ ಬಾಯಿಲೆ ಬ್ಯಾಡ ಅನ್ರಿ. ಅಷ್ಟು ನಡಸ್ತೀರಿ?"

ಗೌಡರು ಒಪ್ಪಿ ತಲೆಯಾಡಿಸಿದರು.

ಅವ್ವನವರು ನಿಧಾನವಾಗಿ ಹೊರಗೆ ಬಂದು ಕೊಟ್ಟಿಗೆಯ ಹಿಂದೆ ಬಾವಿಯ ಕಡೆ ನಡೆದರು. ವಿಮಲಾಕ್ಷಿಯವರು ಬೆನ್ನುಹತ್ತಿ ಹೋದರು. ಕಣ್ಣಾರೆ ಕಂಡಿದ್ದರೂ ಅವರೊಳಗಿನ ಸಂಶಯ ಇನ್ನೂ ಪೂರ್ತಿ ಸತ್ತಿರಲಿಲ್ಲ. ಈಗ ಅವ್ವನವರು ತಮ್ಮನ್ನೇ ಕರೆದು, ಗೌಡರನ್ನು ಕ್ಷಮಿಸು, ಹೋಗಿ ಮತ್ತೆ ಸೂಜಿ ಮಾಡು ಎಂದು ಉಪದೇಶಿಸುತ್ತಾರೆ. ನೋವು ತಿನ್ನುವವರೇ ತಾಳಬೇಕೆನ್ನುತ್ತಾರೆ. ಹೀಗೆಂದುಕೊಂಡು ಬಿರುಸಾಗಿಯೇ ಕೇಳಿದರು:

"ಅವ್ವಾರ, ನಿಮಗ ಸಿಟ್ಟ ಬರಂಗಿಲ್ಲೇನ್ರಿ? ನನ್ನ ರಕ್ತಾ ನೋಡಿದ್ರೂ ಬರಲಿಲ್ಲ?"

ಅವ್ವನವರು ಬಕೆಟ್ಟಿನಿಂದ ಒಂದು ಚೆಂಬು ನೀರು ಎತ್ತಿಕೊಂಡಿದ್ದರು. ಬಾಯಿಯ ತನಕ ಅದು ಮುಟ್ಟಲಿಲ್ಲ. ನೀರೆಲ್ಲ ಸೀರೆಯ ಮೇಲೆ ಚೆಲ್ಲಿತು. ವಿಮಲಾಕ್ಷಿಯವರು ನೋಡಿದರು: ಒಳಗೆ ತೊಡೆಯ ಮೇಲೆ ಅಷ್ಟು ಹೊತ್ತು ಅಲುಗಾಡದೆ ಬಿಚ್ಚಿಕೊಂಡಿದ್ದ ಆ ಎರಡೂ ಕೈಗಳು ಈಗ ಅಶ್ವತ್ಥದ ಎಲೆಯ ಹಾಗೆ ಗಡಗಡನೆ ನಡುಗುತ್ತಿದ್ದವು.

"ಬಂತವ್ವ" ಎಂದರು ಅವ್ವನವರು. "ನಿನ್ನ ಹಣಿ ನೋಡಿದ ಕೂಡಲೇ ಬಂತು. ಅಂಜಿಕಿನೂ ಬಂತು. ಎರಡನ್ನೂ ಹೊಸ್ತಿಲ ಹೊರಗ ಕುಂದ್ರಿಸಿ ಒಳಗ ಹೋದೆ. ಹೊರಗ ಬಂದು ನೋಡತೀನಿ, ಅಲ್ಲೇ ಕುಂತಾವ."

ವಿಮಲಾಕ್ಷಿಯವರು ಗಡಿಗೆಯಲ್ಲಿ ಮೂಗಿಟ್ಟು ಹುಡುಕಿದ ಗುಟ್ಟು ಇದೇ ಆಗಿತ್ತು. ಚೆಂಬನ್ನು ಅವ್ವನವರ ಕೈಯಿಂದ ತೆಗೆದುಕೊಂಡು ತಾವೇ ಹಿಡಿದು ನೀರು ಕುಡಿಸಿದರು.

"ನೀ ಇವತ್ತ ಆ ಕೊಟ್ಟಗ್ಯಾಗ ಹೋಗಬ್ಯಾಡ" ಎಂದರು ಅವ್ವನವರು. "ನಾಳೆನೂ ಬ್ಯಾಡ. ನಾ ನೋಡ್ಕೊಳ್ಳತೀನಿ. ನಿನಗ ಮನಸ್ಸಾದ್ರ ಹೋಗು. ಆಗದಿದ್ರ ಆಗಲಿಲ್ಲ, ಅದರಾಗ ತಪ್ಪೇನಿಲ್ಲ."

ಮರುದಿನ ಗೌಡರು ಕಾಶೀಬಾಯಿಯವರ ಹೆಗಲು ಹಿಡಿದು ಪಡಸಾಲೆಯ ಮೆಟ್ಟಿಲ ತನಕ ಬಂದರು. ವಿಮಲಾಕ್ಷಿಯವರು ಅಲ್ಲಿ ಕುಳಿತು ಹತ್ತಿ ಬಿಡಿಸುತ್ತಿದ್ದರು. "ಬಾಯಾರ, ನಂದು ತಪ್ಪಾತು" ಎಂದು ಗೌಡರು ಹೇಳಿದರು. ಎಂದೂ ಹೇಳಿ ರೂಢಿಯಿಲ್ಲದ ಮಾತಾದ್ದರಿಂದ ಅದು ಗದರಿಸಿದಂತೆಯೇ ಕೇಳಿಸಿತು. ವಿಮಲಾಕ್ಷಿಯವರು ಉತ್ತರ ಕೊಡಲಿಲ್ಲ. ಅವ್ವನವರು ಅದನ್ನು ಕಂಡರೂ ಕೊಡು ಎನ್ನಲಿಲ್ಲ.

ಕೆಲವು ದಿನಗಳ ನಂತರ ವಿಮಲಾಕ್ಷಿಯವರು ತಾವಾಗಿಯೇ ಆ ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಂತರು. "ಗೌಡರ, ನಾನು ವಿಮಲಾಕ್ಷಿ. ಒಳಗ ಬರ್ಲ್ಯಾ? ಕೈಯಾಗ ಸೂಜಿ ಐತಿ, ನೋಡ್ರಿ." ಗೌಡರು ಕೋಲನ್ನು ಕಾಶೀಬಾಯಿಯವರ ಕೈಗೆ ಕೊಟ್ಟು, "ಬರ್ರಿ" ಎಂದರು.

ಪಟ್ಟಣದಿಂದ ಶಸ್ತ್ರವೈದ್ಯರು ಜೀಪಿನಲ್ಲಿ ಬಂದ ದಿನ ಗೌಡರ ಹಳೆಯ ಸಂಶಯ ಮತ್ತೆ ಹೆಡೆಯೆತ್ತಿತು. ಮಂಪರು ಬರಿಸುವ ಔಷಧದ ಸೀಸೆ ಕಂಡೊಡನೆ ಹಿಂದೆ ಸರಿದು ಗೋಡೆಗೆ ಒರಗಿಕೊಂಡರು. "ಇದನ್ನ ತಗೊಂಡ ಮ್ಯಾಲ ನಾ ಏಳತೀನಿ?" ಎಂದು ಕೇಳಿದರು. ವೈದ್ಯರು ಅವಸರದಲ್ಲಿ, "ಏಳದೆ ಏನು? ಏಳತೀರಿ, ಏಳತೀರಿ" ಎಂದರು. ಕಾಶೀಬಾಯಿಯವರೂ ಹಾಗೆಯೇ ಅಂದರು. ಗೌಡರ ಉಸಿರು ಬಿರುಸಾಯಿತು, ಮುಷ್ಟಿ ಬಿಗಿಯಿತು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಅವ್ವನವರ ಕಡೆ ತಿರುಗಿದರು. ಆದರೆ ವಿಮಲಾಕ್ಷಿಯವರು ಆಗಲೇ ಮಂಚದ ಪಕ್ಕ ನೆಲದ ಮೇಲೆ ಕುಳಿತುಬಿಟ್ಟಿದ್ದರು.

"ಬಾಯಾರ, ನೀವು ಹೇಳ್ರಿ" ಎಂದರು ಗೌಡರು.

"ಬಾಳ ಮಂದಿ ಏಳತಾರ್ರಿ ಗೌಡರ. ಎಲ್ಲೋ ಒಬ್ಬರು ಏಳಂಗಿಲ್ಲ. ನೀವು ಏಳತೀರಿ ಅಂತ ನನಗ ಅನಸತೈತಿ, ಖಾತ್ರಿ ಕೊಡಾಕ ಬರಂಗಿಲ್ಲ. ಏನಾದ್ರೂ ನಿಮ್ಮ ಮನಿಯವರಿಗೆ ಆ ಕ್ಷಣಕ್ಕ ಹೇಳತೀನಿ, ಮುಚ್ಚಿಡಂಗಿಲ್ಲ. ನೀವು ಎಚ್ಚರಾಗೂತನಾ ನಾ ಇಲ್ಲಿಂದ ಏಳಂಗಿಲ್ಲ."

ವೈದ್ಯರಿಗೆ ಸಿಟ್ಟು ಬಂತು. ರೋಗಿಯನ್ನು ಹೆದರಿಸುವ ಮಾತೇ ಇದು ಎಂದು ಗದರಿದರು. ಆದರೆ ಗೌಡರ ಮುಷ್ಟಿ ಸಡಿಲವಾಯಿತು. ಗೋಡೆ ಬಿಟ್ಟು, ಕಾಲು ಚಾಚಿ ಮಲಗಿ, ಅಷ್ಟೊಂದು ಜನ ಸುತ್ತ ನಿಂತಿರುವಾಗಲೇ ಕಣ್ಣು ಮುಚ್ಚಿಕೊಂಡರು. ಮಗಳು ತೀರಿಕೊಂಡಂದಿನಿಂದ ತಮ್ಮ ಯಜಮಾನರು ಪರರ ಎದುರಿಗೆ ಹೀಗೆ ಕಣ್ಣು ಮುಚ್ಚಿದ್ದು ಕಾಣೆ ಎಂದು ಕಾಶೀಬಾಯಿಯವರು ಆಮೇಲೆ ಹೇಳಿ ಅತ್ತರು.

ಎರಡು ಬೆರಳು ಹೋದವು, ಪಾದ ಉಳಿಯಿತು. ಇಳಿಹೊತ್ತಿಗೆ ಗೌಡರು ಕಣ್ಣು ತೆರೆದರು. ವಿಮಲಾಕ್ಷಿಯವರು ಕುಳಿತಲ್ಲೇ ಇದ್ದರು.

ಅಷ್ಟಾದ ಮೇಲೆಯೇ ಅವರು ಎದ್ದು ಅಂಗಳಕ್ಕೆ ಬಂದದ್ದು. ಒಲೆಯ ಮುಂದೆ ಕುಳಿತಿದ್ದ ಅವ್ವನವರ ಪಾದಕ್ಕೆ ಹಣೆ ಹಚ್ಚಿದರು. ಕಣ್ಣೀರು ಆ ಪಾದದ ಮೇಲೆ ಬಿತ್ತು. ಅವ್ವನವರು ಅವರ ತಲೆ ನೇವರಿಸಿ, ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದುಕೊಂಡರು.

"ಈ ಕಾಲಿಗೆ ಏನೂ ಆಗಿಲ್ಲವ್ವ" ಎಂದರು. "ಗೌಡರ ಕಾಲಿನ ಪಟ್ಟಿ ನೆನದಿರಬೇಕು. ಅದನ್ನ ನೋಡು, ಹೋಗು."

ವಿಮಲಾಕ್ಷಿಯವರು ಕಣ್ಣೊರೆಸಿಕೊಂಡು, ಕುದಿಸಿ ಆರಿಸಿದ ಹೊಸ ಬಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು. ಒಂದು ವರ್ಷದ ಮಾತಿಗೆಂದು ಬಂದವರು ಅವ್ವನವರು ಲಿಂಗೈಕ್ಯರಾಗುವ ತನಕ ಕರಿಬಾವಿಯನ್ನು ಬಿಡಲಿಲ್ಲ, ಆಮೇಲೆಯೂ ಬಿಡಲಿಲ್ಲ.